ರಗ್ಬಿ ಲೀಗ್ ಫಾರ್ವರ್ಡ್‌ಗಳಿಗೆ ಗೋಡೆಗೆ ಗುದ್ದೋದೇ ಕೆಲಸಾನಾ?

ಹೊಸನೋಡುಗ:
ಸಿಡ್ನಿಗೆ ಬಂದು ಎಂಟು ತಿಂಗಳು. ಸೋಮವಾರ ಬಂತಂದ್ರೆ ಆಫೀಸಲ್ಲಿ ಫೂಟಿ (ಇಲ್ಲಿ ರಗ್ಬಿ ಲೀಗ್‌ಗೆ ಹಾಗಂತಾರೆ) ಬಿಟ್ಟು ಬೇರೆ ಮಾತಿಲ್ಲ, ಹಾಗಾಗಿ ನಾನೂ ನೋಡೋಕೆ ಕೂತೆ. ಪಾಸು, ಕಿಕ್ಕಿಂದ ಆಟ ನಡೆಸೋ ಹಾಫ್‌ಬ್ಯಾಕ್ ಏನು ಮಾಡ್ತಾನೆ ಅಂತ ಗೊತ್ತಾಗುತ್ತೆ. ಅಂಚಲ್ಲಿ ಓಡೋ ವಿಂಗರ್ ಮೂಲೇಲಿ ಗೆರೆ ದಾಟಿ ಚೆಂಡು ನೆಲಕ್ಕೊತ್ತಿ ಟ್ರೈ ಹಾಕ್ತಾನೆ. ಆದ್ರೆ ಫಾರ್ವರ್ಡ್ ಅನ್ನೋ ಈ 8, 10ನೇ ನಂಬರಿನ ದೈತ್ಯರು? ಚೆಂಡು ಅವುಚಿಕೊಂಡು ನೆಟ್ಟಗೆ ಮೂವರ ಎದೆಗೆ ನುಗ್ತಾರೆ, ಬೀಳ್ತಾರೆ, ಏಳ್ತಾರೆ, ಮತ್ತೆ ಅದೇ. ಪಕ್ಕದಲ್ಲಿ ಜಾಗ ಇದ್ರೂ ಗೋಡೆಗೇ ಯಾಕೆ? ಇದರಲ್ಲಿ ಒಳ್ಳೇ ಆಟಗಾರ ಯಾರು ಅಂತ ಹೇಗೆ ಹೇಳೋದು?

ಸೈಡ್‌ಲೈನ್ ಅಪ್ಪ:
ಚೆಂಡು ನೋಡೋದು ಬಿಡಿ, ಬಿದ್ದವನನ್ನ ನೋಡಿ. ಚೆಂಡು ಹಿಡಿದವನನ್ನ ತಡೆದು ಬೀಳಿಸೋದು ಟ್ಯಾಕಲ್, ಒಂದು ಸರದಿಗೆ ಅಂಥವು ಆರು. ಪ್ರತಿ ಸಲ ಬಿದ್ದವನು ಎದ್ದು, ಚೆಂಡು ನೆಲಕ್ಕಿಟ್ಟು ಕಾಲಲ್ಲಿ ಹಿಂದಕ್ಕೆ ತಳ್ಳಬೇಕು. ಎದುರಾಳಿ ಸಾಲು ಅಷ್ಟರೊಳಗೆ 10 ಮೀಟರ್ ಹಿಂದೆ ಸರಿದಿರಬೇಕು. ಇವನು ಚಕ್ಕನೆ ಎದ್ದರೆ ಅವರು ಇನ್ನೂ ಹಿಂದುಹಿಂದಕ್ಕೆ ಹೆಜ್ಜೆ ಹಾಕ್ತಾನೇ ಇರ್ತಾರೆ. ನಿಮ್ಮ ಹಾಫ್‌ಬ್ಯಾಕ್‌ಗೆ ಜಾಗ ಸಿಗೋದು ಆಗಲೇ. ಅದಕ್ಕೇ ಒಬ್ಬ ಕಾಲು ಹಿಡಿದು, ಇನ್ನಿಬ್ಬರು ಎದೆ ಮೇಲೆ ಭಾರ ಬಿಟ್ಟು ಒದ್ದಾಡಿಸೋದು. ಅಂಗಾತ ಬಿದ್ದನೋ, ಕೆಲಸ ಕೆಟ್ಟಿತು. ಬೋರಲಾಗಿ ಮೊಣಕೈ, ಮೊಣಕಾಲ ಮೇಲೆ ಬಿದ್ದವನು ಗೆದ್ದ.

ನನ್ನ ಮಗ ಆಡೋ ಕ್ಲಬ್ಬಿನ ಕೋಚ್ ಹಳೇ ಪ್ರಾಪ್, ಅಂದ್ರೆ ನೀವು ಹೇಳಿದ 8, 10ನೇ ನಂಬರಿನ ಜಾಗದವರು. ಹುಡುಗರಿಗೆ ಓಡೋದಕ್ಕಿಂತ ಜಾಸ್ತಿ ಬೀಳೋದನ್ನೇ ಕಲಿಸ್ತಾರೆ. "ಹೊಟ್ಟೆ! ಹೊಟ್ಟೆ!" ಅಂತ ಗಂಟಲು ಹರಿಯೋ ಹಾಗೆ ಕೂಗು. ಅವರು ಜಾಕೆಟ್ ಹಾಕ್ಕೊಳ್ಳೋದನ್ನ ಒಮ್ಮೆ ನೋಡಬೇಕು. ಬಲಗೈ ಹೆಗಲಿಂದ ಮೇಲೇಳಲ್ಲ. ಮೊದಲು ಆ ಕೈ ತೂರಿಸಿ, ಆಮೇಲೆ ಬೆನ್ನ ಮೇಲಿಂದ ಉಳಿದಿದ್ದನ್ನ ಎಡಗೈಲಿ ಎಳ್ಕೋತಾರೆ. ಸಹಾಯಕ್ಕೆ ಹೋದರೆ ಬೈಸಿಕೊಂಡು ಬರಬೇಕು.

ಕೆಂಪುಹಸಿರು:
ಹೆಗಲು ಅಂದ ತಕ್ಷಣ ನಮ್ಮ ಸ್ಯಾಮ್ ಬರ್ಜೆಸ್ ನೆನಪಾದ. ಇಂಗ್ಲೆಂಡಿನ ಬ್ರಾಡ್‌ಫರ್ಡ್ ಬುಲ್ಸ್ ಬಿಟ್ಟು 2010ರಲ್ಲಿ ನಮ್ಮ ಸೌತ್ ಸಿಡ್ನಿ ಕ್ಲಬ್ಬಿಗೆ ಬಂದ ಫಾರ್ವರ್ಡ್. 2014ರ ಗ್ರ್ಯಾಂಡ್ ಫೈನಲ್‌ನ ಮೊದಲ ಟ್ಯಾಕಲ್‌ನಲ್ಲೇ ಎದುರಾಳಿ ಕ್ಯಾಂಟರ್ಬರಿಯ ಜೇಮ್ಸ್ ಗ್ರಹಾಂ ತಲೆಗೆ ಡಿಕ್ಕಿ ಹೊಡೆದು ಕೆನ್ನೆಮೂಳೆ ಮುರ್ಕೊಂಡ. ಪೂರ್ತಿ 80 ನಿಮಿಷ ಆಡಿದ. 30-6ರಿಂದ ಗೆದ್ವಿ, 43 ವರ್ಷದ ಮೇಲೆ ಪ್ರಶಸ್ತಿ, ಫೈನಲ್‌ನ ಶ್ರೇಷ್ಠ ಆಟಗಾರನಿಗೆ ಕೊಡೋ ಕ್ಲೈವ್ ಚರ್ಚಿಲ್ ಪದಕ ಅವನಿಗೆ. 1970ರ ಫೈನಲ್‌ನಲ್ಲಿ ಇದೇ ಕ್ಲಬ್ಬಿನ ಜಾನ್ ಸ್ಯಾಟ್ಲರ್ ಮುರಿದ ದವಡೆ ಇಟ್ಕೊಂಡೇ ಆಡಿದ್ದರು, ಎರಡನ್ನೂ ಸೇರಿಸಿ ಹಾಡಿದ್ದೇ ಹಾಡಿದ್ದು. ನನಗಂತೂ ಅದು ಪೂರ್ತಿ ಹಿಡಿಸಲ್ಲ, ಆವತ್ತು ಕಣ್ಣಲ್ಲಿ ನೀರು ಬಂದಿತ್ತು ಅನ್ನೋದು ಬೇರೆ ಮಾತು.

ಆಮೇಲೆ ಬರ್ಜೆಸ್ ಇಂಗ್ಲೆಂಡಿನ ಬಾತ್ ಕ್ಲಬ್ಬಿಗೆ ಹೋಗಿ ರಗ್ಬಿ ಯೂನಿಯನ್ (15 ಜನರ ಇನ್ನೊಂದು ರಗ್ಬಿ) ಆಡಿದ. ಕ್ಲಬ್ಬಿನವರು ಫ್ಲಾಂಕರ್ (ಫಾರ್ವರ್ಡ್ ಜಾಗ) ಮಾಡಿದ್ರು, ಇಂಗ್ಲೆಂಡ್‌ನವರು 2015ರ ವಿಶ್ವಕಪ್‌ನಲ್ಲಿ ಹಿಂದಿನ ಸಾಲಿನ ಸೆಂಟರ್ ಜಾಗಕ್ಕೆ ಹಾಕಿದ್ರು. ಅತ್ತಲೂ ಇಲ್ಲ, ಇತ್ತಲೂ ಇಲ್ಲ. 2016ಕ್ಕೆ ವಾಪಸ್. 2019ರಲ್ಲಿ ಹೆಗಲೇ ಕೈಕೊಟ್ಟಿತು, 30ನೇ ವಯಸ್ಸಿಗೆ ನಿವೃತ್ತಿ.

ಅಂಕಿ ರಾಯ:
ಎಲ್ಲರದ್ದೂ 30ಕ್ಕೆ ಮುಗಿಯಲ್ಲ ಸಾರ್. ಫಾರ್ವರ್ಡ್ ಪಾಲ್ ಗ್ಯಾಲನ್ ಕ್ರೊನಲ್ಲಾ ಕ್ಲಬ್ಬಿಗೆ 348 ಪಂದ್ಯ ಆಡಿ, 38ಕ್ಕೆ ಬೂಟು ಬಿಚ್ಚಿದ್ದು. ಮೆಲ್ಬರ್ನ್‌ನ ಹೂಕರ್ ಕ್ಯಾಮರೂನ್ ಸ್ಮಿತ್ 430 ಪಂದ್ಯ. ಹೂಕರ್ (ಬಿದ್ದವನು ಹಿಂದಕ್ಕೆ ತಳ್ಳಿದ ಚೆಂಡು ಎತ್ತಿ ಪಾಸ್ ಮಾಡೋನು) ಕೂಡ ಲೆಕ್ಕದಲ್ಲಿ ಫಾರ್ವರ್ಡೇ.

ಸೈಡ್‌ಲೈನ್ ಅಪ್ಪ:
ಲೆಕ್ಕದಲ್ಲಿ ಮಾತ್ರ. ಸ್ಮಿತ್ ಗೋಡೆಗೆ ಗುದ್ದಿ ಬದುಕಿದವನಲ್ಲ, ಗುದ್ದಿದವರ ಕಾಲಬುಡದಿಂದ ಚೆಂಡು ಎತ್ಕೊಂಡವನು. ಗ್ಯಾಲನ್ ವಿಷಯ ಒಪ್ಪಿದೆ, ಆ ಮನುಷ್ಯನ ಮೈ ಯಾವ ಮರದ್ದೋ.

ಹೊಸನೋಡುಗ:
ನಿನ್ನೆ ರಾತ್ರಿ ಬರೀ ಬಿದ್ದವರನ್ನೇ ನೋಡಿದೆ. 10ನೇ ನಂಬರಿನವ ಒಂದ್ಸಲ ಅಂಗಾತ ಬಿದ್ದ, "ಹೊಟ್ಟೆ!" ಅಂತ ಕೂಗಿಬಿಟ್ಟೆ. ಒಳಗೆ ಮಲಗಿದ್ದ ಮಗು ಎದ್ದಿತು. ಪಂದ್ಯ ಯಾರು ಗೆದ್ದರು ಅಂತ ಯಾರಾದ್ರೂ ಹೇಳ್ತೀರಾ?