ವೆನಿಸ್ ಬಿಯೆನಾಲೆ: ಅಮ್ಮನ ಜೊತೆ ಹೋಗುವವರಿಗೆ ನಿಮ್ಮ ಸಲಹೆ ಏನು?

ಪ್ರಶ್ನೆ: ನಾನು ಜರ್ಮನಿಯಲ್ಲಿದ್ದೇನೆ. ಸೆಪ್ಟೆಂಬರ್‌ನಲ್ಲಿ ಅಮ್ಮ ಮೈಸೂರಿನಿಂದ ಬರುತ್ತಾರೆ. ಶಾಲೆಯಲ್ಲಿ ಚಿತ್ರಕಲೆ ಕಲಿಸಿ ನಿವೃತ್ತರಾದವರು. ಅವರಿಗೆ ವೆನಿಸ್ ಬಿಯೆನಾಲೆ, ಅಂದರೆ ಇಟಲಿಯ ವೆನಿಸ್‌ನಲ್ಲಿ ಎರಡು ವರ್ಷಕ್ಕೊಮ್ಮೆ ನಡೆಯುವ ಅಂತರರಾಷ್ಟ್ರೀಯ ಕಲಾ ಪ್ರದರ್ಶನ, ತೋರಿಸುವ ಆಸೆ. ಮೂರು ದಿನ ಸಿಗುತ್ತದೆ, ಆದರೆ ಅಮ್ಮನಿಗೆ ಮೊಣಕಾಲು ನೋವು. ಹೋಗಿ ಬಂದವರು ದಯವಿಟ್ಟು ಹೇಳಿ.

ಪಡುವಾದಲ್ಲಿ ಓದುತ್ತಿರುವವರು: ಮೊದಲು ವರ್ಷ ನೋಡಿಕೊಳ್ಳಿ. 2022ರಿಂದ ಕಲೆಯ ಬಿಯೆನಾಲೆ ಸಮಸಂಖ್ಯೆಯ ವರ್ಷಗಳಲ್ಲಿ, ವಾಸ್ತುಶಿಲ್ಪದ್ದು ಬೆಸಸಂಖ್ಯೆಯ ವರ್ಷಗಳಲ್ಲಿ ನಡೆಯುತ್ತಿದೆ. ಸೋಮವಾರ ಸಾಮಾನ್ಯವಾಗಿ ರಜೆ.

ಮುಖ್ಯ ಜಾಗಗಳು ಎರಡು, ಜಾರ್ದೀನಿ ಮತ್ತು ಆರ್ಸೆನಾಲೆ. ಎರಡನ್ನೂ ಒಂದೇ ದಿನ ನೋಡಲು ಹೋಗಬೇಡಿ. ಮಾಮೂಲಿ ಟಿಕೆಟ್‌ನಲ್ಲಿ ಒಂದೊಂದು ಜಾಗಕ್ಕೆ ಒಂದೊಂದು ಪ್ರವೇಶ, ಬೇರೆ ಬೇರೆ ದಿನ ಬಳಸಬಹುದು. ಜಾರ್ದೀನಿ ಅಂದರೆ ಮರಗಳಿರುವ ಉದ್ಯಾನ. ಹಲವು ದೇಶಗಳಿಗೆ ಅಲ್ಲಿ ತಮ್ಮದೇ ಕಟ್ಟಡ ಇದೆ. ಬೆಲ್ಜಿಯಂ 1907ರಲ್ಲೇ ಮೊದಲು ಕಟ್ಟಿಸಿತು. ನಡುನಡುವೆ ಕೂತು ಸುಧಾರಿಸಿಕೊಳ್ಳಬಹುದು, ಹಾಗಾಗಿ ತಾಯಿಯವರನ್ನು ಮೊದಲು ಅಲ್ಲಿಗೇ ಕರೆದುಕೊಂಡು ಹೋಗಿ. ಆರ್ಸೆನಾಲೆ ಹಳೆಯ ಹಡಗುಕಟ್ಟೆ. ಹಗ್ಗ ಹೊಸೆಯುತ್ತಿದ್ದ ಒಂದು ಕಟ್ಟಡವೇ 300 ಮೀಟರಿಗಿಂತ ಉದ್ದ. ಅಲ್ಲಿ ಕಾಲಿಗೆ ಕೆಲಸ ಜಾಸ್ತಿ.

ನಗರದ ತುಂಬ ಮೆಟ್ಟಿಲಿನ ಸೇತುವೆಗಳು. ನಡೆಯುವ ಬದಲು ಬಸ್ಸಿನ ಹಾಗೆ ಓಡುವ ವಾಪೊರೆತ್ತೊ ದೋಣಿ ಹಿಡಿಯಿರಿ, ಎರಡೂ ಕಡೆ ನಿಲ್ದಾಣ ಇದೆ. ಬಿಡಿ ಟಿಕೆಟ್ ದುಬಾರಿ. 72 ಗಂಟೆಯ ಪಾಸ್ ನಿಮಗೆ ಸರಿಹೋಗುತ್ತದೆ.

ಮಿಲಾನ್‌ನಿಂದ ಒಬ್ಬರು: ಮೂರನೇ ದಿನವನ್ನು ಊರಿನೊಳಗೆ ಕಳೆಯಿರಿ. ಜಾರ್ದೀನಿಯಲ್ಲಿ ಕಟ್ಟಡ ಇಲ್ಲದ ಎಷ್ಟೋ ದೇಶಗಳು ಹಳೆಯ ಅರಮನೆ, ಚರ್ಚುಗಳನ್ನು ಬಾಡಿಗೆಗೆ ಹಿಡಿದು ಪ್ರದರ್ಶನ ಇಡುತ್ತವೆ. ಹೆಚ್ಚಿನವಕ್ಕೆ ಟಿಕೆಟ್ ಇಲ್ಲ. ನನಗಂತೂ ಬಿಯೆನಾಲೆಯಲ್ಲಿ ಇದೇ ಅತಿ ಇಷ್ಟ. ಬೇರೆ ದಿನಗಳಲ್ಲಿ ಬಾಗಿಲು ಹಾಕಿರುವ ಮನೆಗಳ ಒಳಗೆ ಹೋಗಿ, ಛಾವಣಿಯ ಚಿತ್ರಗಳ ಕೆಳಗೆ ಇವತ್ತಿನ ಕಲೆ ನೋಡುವುದು ಬೇರೆಲ್ಲಿ ಸಿಗುತ್ತದೆ? ಒಂದು ಬಡಾವಣೆ ಆರಿಸಿಕೊಂಡು ಅಲ್ಲಿಯದಷ್ಟನ್ನೇ ನೋಡಿ.

ರೂಮು ಬೇಗ ಹಿಡಿಯಿರಿ. ಆಗಸ್ಟ್ ಕೊನೆಯಿಂದ ಸೆಪ್ಟೆಂಬರ್ ಮೊದಲ ಭಾಗದವರೆಗೆ ಲೀದೋ ದ್ವೀಪದಲ್ಲಿ ಚಲನಚಿತ್ರೋತ್ಸವ ಇರುತ್ತದೆ, ಬಾಡಿಗೆ ಏರುತ್ತದೆ. ದ್ವೀಪಗಳ ಆಚೆ, ಮುಖ್ಯ ನೆಲದ ಮೇಲಿರುವ ಮೆಸ್ತ್ರೆಯಲ್ಲಿ ಉಳಿದರೆ ಕಡಿಮೆಯಾಗುತ್ತದೆ. ಅಲ್ಲಿಂದ ವೆನಿಸ್‌ನ ಸಾಂತಾ ಲೂಚಿಯಾ ನಿಲ್ದಾಣಕ್ಕೆ ರೈಲಿನಲ್ಲಿ ಹತ್ತು ನಿಮಿಷ ಅಷ್ಟೇ.

ಬೆಂಗಳೂರಿನ ಕಲಾವಿದೆಯೊಬ್ಬರು: ಹೊರಡುವ ಮೊದಲು ಅಮ್ಮನಿಗೆ ಕಲಾವಿದೆ ಶೀಲಾ ಗೌಡ ಅವರ ಕೆಲಸ ತೋರಿಸಿ. ಭದ್ರಾವತಿಯಲ್ಲಿ ಹುಟ್ಟಿದವರು. 2009ರ ಬಿಯೆನಾಲೆಯಲ್ಲಿ ಅವರು ತಲೆಕೂದಲಿನಿಂದ ಹೊಸೆದ ಹಗ್ಗ ಮತ್ತು ಕಾರಿನ ಬಂಪರ್‌ಗಳನ್ನು ಬಳಸಿದ ಕೃತಿ ಇಟ್ಟಿದ್ದರು. ಗಾಡಿಗೆ ದೃಷ್ಟಿ ತಾಗದಿರಲಿ ಅಂತ ಕೂದಲಿನ ಹಗ್ಗ ಕಟ್ಟುವುದನ್ನು ನಾವೆಲ್ಲ ನೋಡಿದ್ದೇವೆ, ಅಲ್ವಾ? ಅದೇ ಅಲ್ಲಿಗೆ ಹೋಗಿತ್ತು. ಹೊಸ ಕಲೆ ಅರ್ಥವಾಗುವುದಿಲ್ಲ ಎಂಬ ಹಿಂಜರಿಕೆ ಇದ್ದರೆ ಇಲ್ಲಿಂದ ಶುರು ಮಾಡಿ.

ಇನ್ನೊಂದು ಜಾಗ ಬಿಡಬೇಡಿ. ಹಳೆಯ ಧಾರ್ಮಿಕ ಸಂಘವೊಂದರ ಕಟ್ಟಡವಾದ ಸ್ಕುವೊಲಾ ಗ್ರಾಂದೆ ದಿ ಸಾನ್ ರೊಕ್ಕೊದಲ್ಲಿ ವೆನಿಸ್‌ನ ಚಿತ್ರಕಾರ ತಿಂತೊರೆತ್ತೊ 1564ರಿಂದ ಇಪ್ಪತ್ತಕ್ಕೂ ಹೆಚ್ಚು ವರ್ಷ ಬರೆದ ಚಿತ್ರಗಳಿವೆ. ಛಾವಣಿಯ ಚಿತ್ರ ನೋಡಲು ಅಲ್ಲಿ ಕೈಗನ್ನಡಿ ಇಟ್ಟಿರುತ್ತಾರೆ, ಕತ್ತು ಎತ್ತಬೇಕಿಲ್ಲ. ಪಕ್ಕದ ಫ್ರಾರಿ ಚರ್ಚ್‌ನಲ್ಲಿ ಇನ್ನೊಬ್ಬ ಚಿತ್ರಕಾರ ಟಿಶಿಯನ್ ಬರೆದ ಮೇರಿಯ ದೊಡ್ಡ ಚಿತ್ರ ಇದೆ. ಎರಡನ್ನೂ ಒಂದೇ ಬೆಳಿಗ್ಗೆ ಮುಗಿಸಬಹುದು.