ಸಂಸ್ಕೃತಿ: ‘ಇದೆ’ ಎಂದಾಗ ಒಂದು ಅರ್ಥ, ‘ಇಲ್ಲ’ ಎಂದಾಗ ಇನ್ನೊಂದೆ?

ಎಲ್ಲರಿಗೂ ನಮಸ್ಕಾರ.

ನಾನು ಬೆಂಗಳೂರಿನಲ್ಲಿ ಕನ್ನಡ ಎಂ.ಎ. ಓದುತ್ತಿದ್ದೇನೆ. ಬಸವನಗುಡಿಯ ಕಡಲೆಕಾಯಿ ಪರಿಷೆಯ ಮೇಲೆ ಪ್ರಬಂಧ ಬರೆಯುತ್ತಿದ್ದೇನೆ. ಅದರಲ್ಲಿ ‘ಸಂಸ್ಕೃತಿ’ ಎಂಬ ಪದವನ್ನು ಎಲ್ಲಿ ಬಳಸಬೇಕು, ಎಲ್ಲಿ ಬಿಡಬೇಕು ಎಂಬುದು ಬಗೆಹರಿಯುತ್ತಿಲ್ಲ. ಬಲ್ಲವರು ತಿಳಿಸಬೇಕು.

‘ಅವನಿಗೆ ಸಂಸ್ಕೃತಿಯೇ ಇಲ್ಲ’ ಎಂದು ಬೈಯುತ್ತೇವೆ. ‘ಬುಡಕಟ್ಟು ಸಂಸ್ಕೃತಿ’, ‘ಕೃಷಿ ಸಂಸ್ಕೃತಿ’ ಎಂದೂ ಬರೆಯುತ್ತೇವೆ. ಮೊದಲನೆಯದು ಕೆಲವರಲ್ಲಿ ಇದ್ದು ಕೆಲವರಲ್ಲಿ ಇಲ್ಲದ ಗುಣ. ಎರಡನೆಯದು ಬದುಕುವ ರೀತಿ, ಅದಿಲ್ಲದ ಜನರೇ ಇಲ್ಲ. ಪದ ಒಂದೇ ಆದ್ದರಿಂದ ಬರವಣಿಗೆಯಲ್ಲಿ ಒಂದರ ನೆರಳು ಇನ್ನೊಂದರ ಮೇಲೆ ಬೀಳುತ್ತದೆ.

ಮೂಲ ನೋಡಿದರೆ ‘ಸಮ್’ ಉಪಸರ್ಗ, ‘ಕೃ’ ಧಾತು: ಚೆನ್ನಾಗಿ ಮಾಡು, ಹದಗೊಳಿಸು. ಶವಸಂಸ್ಕಾರ, ಆಹಾರ ಸಂಸ್ಕರಣೆ, ನಮ್ಮ ಊರಿನ ಕಸ ಸಂಸ್ಕರಣಾ ಘಟಕ ಎಲ್ಲವೂ ಇದೇ ಬಳಗ. ಬರೆದದ್ದನ್ನು ತಿದ್ದುವ ‘ಪರಿಷ್ಕರಣೆ’ಯಲ್ಲೂ ಇದೇ ಧಾತು ಇದೆ. ಈ ‘ತಿದ್ದುವ’ ಅರ್ಥವೇ ಬೈಗುಳದಲ್ಲಿ ಉಳಿದಿದೆ ಎಂದು ನನಗೆ ತೋರುತ್ತದೆ: ತಿದ್ದಿಸಿಕೊಳ್ಳದವನಿಗೆ ಸಂಸ್ಕೃತಿ ಇಲ್ಲ.

ಆದರೆ ಪರಿಷೆಯಲ್ಲಿ ಕಂಡದ್ದನ್ನು ಈ ಅರ್ಥದೊಳಗೆ ಹಿಡಿಸಲಾಗುತ್ತಿಲ್ಲ. ಕಾರ್ತಿಕದ ಕೊನೆಯ ಸೋಮವಾರ, ದೊಡ್ಡ ಬಸವಣ್ಣನ ಗುಡಿಯ ರಸ್ತೆಯುದ್ದಕ್ಕೂ ಹಸಿ ಕಾಯಿ, ಹುರಿದ ಕಾಯಿಗಳ ರಾಶಿ. ಒಬ್ಬ ಅಜ್ಜಿ ಸೇರಿನಲ್ಲಿ ಗೋಪುರ ಬರುವಂತೆ ಕಾಯಿ ಅಳೆದು ಚೀಲಕ್ಕೆ ಸುರಿದರು. ನಾನು ಕೇಳುವ ಮೊದಲೇ ಇನ್ನೊಂದು ಹಿಡಿ ಹಾಕಿ, ‘ಕೊಸರು ಕಣವ್ವ’ ಎಂದರು. ಅಳತೆ ಮುಗಿದ ಮೇಲೂ ಕೈ ರಾಶಿಗೆ ಹೋಗುವ ಈ ರೂಢಿಯನ್ನು ಅವರಿಗೆ ಯಾರೂ ಕೂರಿಸಿ ಕಲಿಸಿರಲಾರರು. ಇದಕ್ಕಿಂತ ದೊಡ್ಡ ಸಂಸ್ಕೃತಿ ಯಾವುದು ಎಂದು ನಿಜವಾಗಿಯೂ ಕೇಳಬೇಕೆನಿಸುತ್ತದೆ.

9ನೇ ಶತಮಾನದ ಕವಿರಾಜಮಾರ್ಗದಲ್ಲಿ ಕನ್ನಡ ನಾಡವರನ್ನು ‘ಕುಱಿತೋದದೆಯುಂ ಕಾವ್ಯಪ್ರಯೋಗಪರಿಣತಮತಿಗಳ್’ ಎಂದಿದೆ. ಕಾವ್ಯ ಬರೆಯುವ ಬಗೆಯನ್ನು ಕಲಿಸಲು ಹೊರಟ ಗ್ರಂಥವೇ, ಪಟ್ಟುಹಿಡಿದು ಓದದವರ ಪರಿಣತಿಯನ್ನು ಇಷ್ಟು ತುಂಬುಮನಸ್ಸಿನಿಂದ ಒಪ್ಪುತ್ತದೆ. ಆ ಪದ್ಯದಲ್ಲಿ ‘ಸಂಸ್ಕೃತಿ’ ಎಂಬ ಪದವಿಲ್ಲ. ಆದರೂ ನಾನು ಹುಡುಕುತ್ತಿರುವ ಅರ್ಥ ಅಲ್ಲಿದೆ.

(‘ಪರಿಷೆ’ಯೂ ‘ಪರಿಷತ್’ ಎಂಬುದರ ತದ್ಭವವೇ. ಚಾಮರಾಜಪೇಟೆಯ ಸಾಹಿತ್ಯ ಪರಿಷತ್ತಿಗೂ ಬಸವನಗುಡಿಯ ಪರಿಷೆಗೂ ಹೆಸರಿನಲ್ಲೇ ನಂಟಿದೆ. ವಿದ್ವಾಂಸರ ಕೂಟಕ್ಕೆ ಒಂದು ರೂಪ ನಿಂತಿತು, ಜನರ ಜಾತ್ರೆಗೆ ಇನ್ನೊಂದು.)

‘ನಡೆನುಡಿ’ ಎಂದು ಬರೆದು ನೋಡಿದೆ. ಒಬ್ಬರ ವರ್ತನೆಗೆ ಒಪ್ಪುತ್ತದೆ, ಒಂದು ಸಮುದಾಯದ ಹಬ್ಬ, ಅಡುಗೆ, ಹಾಡು, ಲೆಕ್ಕಾಚಾರ ಎಲ್ಲಕ್ಕೂ ಸಾಲುವುದಿಲ್ಲ. ‘ರೀತಿನೀತಿ’ಯಲ್ಲಿ ಕಟ್ಟುಪಾಡಿನ ವಾಸನೆಯೇ ಹೆಚ್ಚು. ‘ಬಾಳ್ವೆ’ ಹತ್ತಿರ ಬರುತ್ತದೆ, ಆದರೆ ‘ಕೃಷಿ ಬಾಳ್ವೆ’ ಎಂದರೆ ಓದುಗರು ಒಪ್ಪುವರೋ?

ಆದ್ದರಿಂದ ಕೇಳುತ್ತಿದ್ದೇನೆ. ನಿಮ್ಮ ಮನೆಯ ಹಿರಿಯರು ಮಾತಿನಲ್ಲಿ ‘ಸಂಸ್ಕೃತಿ’ ಎನ್ನುತ್ತಿದ್ದರೋ, ‘ಸಂಸ್ಕಾರ’ ಎನ್ನುತ್ತಿದ್ದರೋ? ಬದುಕುವ ರೀತಿ ಎಂಬ ಅರ್ಥದಲ್ಲಿ ‘ಸಂಸ್ಕೃತಿ’ ಕನ್ನಡ ಬರಹದಲ್ಲಿ ಮೊದಲು ಎಲ್ಲಿ ಸಿಗುತ್ತದೆ? ಧಾರವಾಡ, ಕಲಬುರಗಿ, ಕರಾವಳಿ ಕಡೆ ಇದಕ್ಕೆ ಬೇರೆ ಆಡುಮಾತಿದ್ದರೆ, ಅದು ಬರುವ ಒಂದು ಪೂರ್ತಿ ವಾಕ್ಯದೊಡನೆ ದಯವಿಟ್ಟು ಬರೆಯಿರಿ.