ಗೋಮಾಳದಲ್ಲಿ ಗುಂಡಿ ತೋಡುವ ಮೊದಲು ಏನೇನು ನೋಡಬೇಕು?

ಪ್ರಶ್ನೆ: ಶಿರಾ ಕಡೆ ನಮ್ಮ ಪಂಚಾಯಿತಿಗೆ ಸೇರಿದ 40 ಎಕರೆ ಗೋಮಾಳವಿದೆ, ಅಂಚಿನಲ್ಲಿ ಒಂದು ಕಟ್ಟೆ (ಸಣ್ಣ ಕೆರೆ). ಅಲ್ಲಲ್ಲಿ ಬಳ್ಳಾರಿ ಜಾಲಿ, ಲಂಟಾನ ಹಬ್ಬಿವೆ. ದಾನಿಗಳೊಬ್ಬರು ಸಸಿ ಕೊಡಲು ಮುಂದೆ ಬಂದಿದ್ದಾರೆ. ಅಲ್ಲಿನ ಜೀವವೈವಿಧ್ಯ ಹೆಚ್ಚಬೇಕೆಂದರೆ ಎಲ್ಲಿಂದ ಶುರು ಮಾಡಬೇಕು? ಅನುಭವವಿದ್ದವರು ತಿಳಿಸಿ.

ಉತ್ತರ 1: ಮೊದಲು ದಾಖಲೆ ನೋಡಿ. ಪಹಣಿಯಲ್ಲಿ ‘ಸರ್ಕಾರಿ ಗೋಮಾಳ’ ಎಂದಿದ್ದರೆ ಸಾಲದು. ಆಕಾರಬಂದ್ (ಸರ್ವೆ ನಂಬರಿನ ವಿಸ್ತೀರ್ಣದ ದಾಖಲೆ), ಗ್ರಾಮ ನಕ್ಷೆ ತೆಗೆಸಿ, ಸರ್ವೆಯರ್ ಕೈಲಿ ಹದ್ದುಬಸ್ತು ಮಾಡಿಸಿ, ಅಂದರೆ ಗಡಿ ಗುರುತಿಸಿ. ನಿಂತ ಜಾಗದ ಸರ್ವೆ ನಂಬರ್ ತೋರಿಸುವ ದಿಶಾಂಕ್ ಆ್ಯಪ್ ಮೊದಲ ಅಂದಾಜಿಗೆ ಸರಿ, ಅದರ ಗೆರೆ ನಂಬಿ ಬೇಲಿ ಹಾಕಬೇಡಿ. ಬಗರ್‌ಹುಕುಂ ಅರ್ಜಿ, ಅಂದರೆ ಸರ್ಕಾರಿ ಜಮೀನಿನಲ್ಲಿ ಅನಧಿಕೃತವಾಗಿ ಸಾಗುವಳಿ ಮಾಡಿದವರು ಸಕ್ರಮ ಕೋರಿ ಹಾಕಿದ ಅರ್ಜಿ (ನಮೂನೆ 50, 53, 57), ಬಾಕಿ ಇದೆಯೇ ಎಂದು ತಾಲ್ಲೂಕು ಕಚೇರಿಯಲ್ಲಿ ವಿಚಾರಿಸಿ. 2002ರ ಜೀವವೈವಿಧ್ಯ ಕಾಯ್ದೆಯಂತೆ ಪಂಚಾಯಿತಿಯಲ್ಲಿ ಜೀವವೈವಿಧ್ಯ ನಿರ್ವಹಣಾ ಸಮಿತಿ ಇರಬೇಕು. ಆ ಸಮಿತಿಯ ಜನತಾ ಜೀವವೈವಿಧ್ಯ ದಾಖಲಾತಿಯಲ್ಲಿ (ಊರಿನ ಗಿಡ, ಪ್ರಾಣಿಗಳ ಪಟ್ಟಿ) ಈ ಜಾಗದ ವಿವರವಿದ್ದರೆ ಅಲ್ಲಿಂದಲೇ ಶುರುವಾಗುತ್ತದೆ. ಕುರಿಗಾಹಿಗಳು ಯಾವ ತಿಂಗಳು, ಯಾವ ದಾರಿಯಲ್ಲಿ ಬರುತ್ತಾರೆಂದು ಅವರನ್ನೇ ಕೇಳಿ. ಅವರನ್ನು ಬಿಟ್ಟು ಹಾಕಿದ ಬೇಲಿ ಉಳಿಯುವುದಿಲ್ಲ.

ಉತ್ತರ 2: ಬಯಲುಸೀಮೆಯ ಗೋಮಾಳ ಬರಡಲ್ಲ, ಹುಲ್ಲುಗಾವಲು. ಬೇಸಿಗೆಯಲ್ಲಿ ಒಣಗಿ ಕಾಣುತ್ತದೆ, ಅಷ್ಟೇ. ನೆಲದ ಮೇಲೆಯೇ ಗೂಡು ಮಾಡುವ ಟಿಟ್ಟಿಭ, ಗೌಜಲು, ನೆಲಗುಬ್ಬಿಗಳಿಗೆ ಬೇಕಾದದ್ದು ಈ ಬಯಲೇ. ಮಧುಗಿರಿ ತಾಲ್ಲೂಕಿನ ಮೈದನಹಳ್ಳಿಯಲ್ಲಿ ಕೃಷ್ಣಮೃಗಗಳು ಉಳಿದಿರುವುದೂ ಇಂಥ ಹುಲ್ಲು ಬಯಲಿನಲ್ಲಿ.

ಸಸಿ ನೆಡುವ ಮೊದಲು ಅಲ್ಲಿ ಈಗ ಏನೇನಿದೆ ಎಂದು ಅಳೆಯುವುದು ಹೀಗೆ. ಪಿವಿಸಿ ಪೈಪಿನಿಂದ ಒಂದು ಮೀಟರ್ ಚೌಕಟ್ಟು ಮಾಡಿಕೊಳ್ಳಿ. ನೇರ ಗೆರೆಯಲ್ಲಿ ನಡೆಯುತ್ತಾ 50 ಹೆಜ್ಜೆಗೊಮ್ಮೆ ಇಡಿ. ಕಣ್ಣಿಗೆ ಚೆನ್ನಾಗಿ ಕಂಡಲ್ಲಿ ಇಟ್ಟರೆ ಲೆಕ್ಕ ಸುಳ್ಳಾಗುತ್ತದೆ. ಚೌಕದೊಳಗೆ ಹುಲ್ಲು, ಬರಿ ಮಣ್ಣು, ಕಲ್ಲು ಶೇಕಡಾ ಎಷ್ಟೆಷ್ಟು, ಎಷ್ಟು ಬಗೆಯ ಗಿಡ, ಹುಲ್ಲಿನ ಎತ್ತರ ಎಷ್ಟು ಎಂದು ಬರೆಯಿರಿ. ಇಪ್ಪತ್ತು ಮೂವತ್ತು ಚೌಕವಾದರೂ ಬೇಕು. ಅಕ್ಟೋಬರ್ ಹೊತ್ತಿಗೆ ತೆನೆ ಬಂದಿರುತ್ತದೆ, ತೆನೆಯಿಲ್ಲದೆ ಹುಲ್ಲಿನ ಜಾತಿ ಗುರುತಿಸುವುದು ಕಷ್ಟ. ಅದೇ ಗೆರೆಯಲ್ಲಿ ಏಪ್ರಿಲ್‌ನಲ್ಲಿ ಮತ್ತೆ ನೋಡಿ. ಆಗಲೂ ಬುಡ ಗಟ್ಟಿಯಾಗಿ ನಿಂತಿದ್ದರೆ ಬಹುವಾರ್ಷಿಕ ಹುಲ್ಲು. ಅಂಥ ಜಾಗಕ್ಕೆ ಜೆಸಿಬಿ ಇಳಿಸಲೇಬೇಡಿ. ಒಮ್ಮೆ ಕಿತ್ತುಹೋದರೆ ಅದರ ಜಾಗಕ್ಕೆ ಮೊದಲು ಬರುವುದು ಪಾರ್ಥೇನಿಯಂ ಕಳೆ.

ಹಕ್ಕಿಗಳಿಗೆ: ಸೂರ್ಯೋದಯದ ನಂತರದ ಎರಡು ಗಂಟೆಯೊಳಗೆ, ಕನಿಷ್ಠ 200 ಮೀಟರ್ ಅಂತರದ ಜಾಗಗಳಲ್ಲಿ ಹತ್ತು ಹತ್ತು ನಿಮಿಷ ನಿಂತು ಎಣಿಸಿ. ಪ್ರತಿ ಸಲ ಅದೇ ಜಾಗ, ಅದೇ ಹೊತ್ತು. ಇಲ್ಲದಿದ್ದರೆ ಮುಂದಿನ ವರ್ಷ ಹೋಲಿಸಲು ಬರುವುದಿಲ್ಲ.

ಉತ್ತರ 3: ಕಳೆಯ ಬಗ್ಗೆ ಮಾತ್ರ ಸೇರಿಸುತ್ತೇನೆ. ಲಂಟಾನವನ್ನು ಮೇಲೆ ಕತ್ತರಿಸಿದರೆ ಬುಡದಿಂದ ದುಪ್ಪಟ್ಟು ಚಿಗುರುತ್ತದೆ. ಕಾಯಿ ಹಣ್ಣಾಗುವ ಮುಂಚೆ, ಮಣ್ಣಿನಿಂದ 3–5 ಸೆಂ.ಮೀ. ಕೆಳಗೆ ತಾಯಿಬೇರು ಕಡಿದು, ಪೊದೆಯನ್ನು ಬುಡಮೇಲು ಮಾಡಿ ಒಣಗಲು ಬಿಡಿ. ಮಳೆಯಾದ ಮೇಲೆ ಹಕ್ಕಿ ಕೂರುವ ಮರಗಳ ಕೆಳಗೆ ಹೊಸ ಸಸಿ ಏಳುತ್ತವೆ, ಅವನ್ನು ಕೈಯಲ್ಲೇ ಕೀಳಬಹುದು. ಇದನ್ನು ಎರಡು ಮೂರು ಮಳೆಗಾಲ ಬಿಡದೆ ಮಾಡಬೇಕು. ಹಣವೆಲ್ಲ ಮೊದಲ ವರ್ಷವೇ ಖರ್ಚಾದರೆ ಲಂಟಾನ ವಾಪಸ್ ಬಂತೆಂದೇ ತಿಳಿಯಿರಿ. ಬಳ್ಳಾರಿ ಜಾಲಿಯ ಬುಡವನ್ನು ಇನ್ನೂ ಆಳಕ್ಕೆ, ಒಂದಡಿವರೆಗೂ ಅಗೆಯಬೇಕು. ಅದರ ಕಾಯಿ ತಿಂದ ದನ-ಕುರಿಗಳ ಸಗಣಿ, ಹಿಕ್ಕೆಯಲ್ಲಿ ಬೀಜ ಹರಡುತ್ತದೆ. ಹಾಗಾಗಿ ಕಾಯಿ ಬಿಡುವ ಮರಗಳನ್ನೇ ಮೊದಲು ತೆಗೆಯಿರಿ. ಎಲ್ಲವನ್ನೂ ಒಂದೇ ಸಲಕ್ಕೆ ಬೋಳಿಸಬೇಡಿ. ಪೊದೆಯಲ್ಲಿ ಗೂಡಿದೆಯೇ ನೋಡಿಕೊಂಡು, ಪಟ್ಟಿ ಪಟ್ಟಿಯಾಗಿ ತೆಗೆಯಿರಿ.

ಪ್ರಶ್ನೆ ಕೇಳಿದವರು: ಹಾಗಾದರೆ ಸಸಿ ಬೇಡವೆಂದೇ ಹೇಳಬೇಕೇ?

ಉತ್ತರ 2: ಬೇಡವೆನ್ನಬೇಡಿ, ಜಾಗ ಬದಲಿಸಿ. ಕಟ್ಟೆಯ ಹಿಂದೆ, ಹಳ್ಳದ ಪಕ್ಕ, ಜಾಲಿ ತೆಗೆದ ಜಾಗದಲ್ಲಿ ಹೊಂಗೆ, ಹಿಪ್ಪೆ, ಅತ್ತಿ ನೆಡಿ. ಏರಿಯ ಮೇಲೆ ಮಾತ್ರ ಮರ ಬೇಡ, ಬೇರು ಒಣಗಿ ಕೊಳೆತರೆ ಅದೇ ದಾರಿಯಲ್ಲಿ ನೀರು ಸೋರುತ್ತದೆ. ಹುಲ್ಲಿರುವಲ್ಲಿ ತಾನಾಗಿ ಎದ್ದ ಕವಳಿ, ಬೋರೆ, ತಂಗಡಿ ಗಿಡಗಳಿಗೆ ಮುಳ್ಳು ಕಟ್ಟಿದರೆ ಸಾಕು. ದಾನಿಗಳು ಸಸಿಯ ಲೆಕ್ಕ ಕೇಳಿದರೆ, ಮೂರು ವರ್ಷ ಕಳೆ ಕೀಳುವ ಕೂಲಿಗೆ ಆ ಹಣ ಕೊಡುತ್ತೀರಾ ಎಂದು ಕೇಳಿ ನೋಡಿ.

ಉತ್ತರ 4: ಕಟ್ಟೆಯ ಹೂಳೆತ್ತುವಾಗ ಸುತ್ತಲೂ ಕಡಿದಾಗಿ ಕೊರೆಯಲು ಬಿಡಬೇಡಿ. ಉಲ್ಲಂಕಿ, ಕೊಕ್ಕರೆಗಳು ಮೇಯುವುದು ಗೇಣುದ್ದಕ್ಕಿಂತ ಕಡಿಮೆ ನೀರಿನಲ್ಲಿ. ನೀರು ಒಳಬರುವ ಕಡೆಯ ದಡ ಇಳಿಜಾರಾಗಿಯೇ ಇರಲಿ, ಕಲ್ಲು ಕಟ್ಟುವುದು ಏರಿಗೆ ಮಾತ್ರ.